ಸಾವಂತ್ರಿಯ ಬರಿಗಾಲು

ಕೊಪ್ಪಳ ಸೀಮೆ, ೨೧೯೩ನೆಯ ಇಸವಿ, ಹದಿಮೂರನೆಯ ತಿಂಗಳ ಒಂಬತ್ತು

ಹಿಂದಿನವರಾದ ನಿಮಗೆ ಹುಲಿಗೆಮ್ಮನ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ನಾನು ಕಿವಿಸಾಲಿನ ಯಜಮಾನಿ. ಕಿವುಡು ಮಕ್ಕಳಿಗೆ ನೀವು ಹಾಕುತ್ತಿದ್ದ ಕಾಕ್ಲಿಯರ್ ಇಂಪ್ಲಾಂಟನ್ನು ನಾವು ಒಳಗಿವಿ ಎನ್ನುತ್ತೇವೆ. ಹೊಸದು ಮಾಡಲು ಈಗ ಲೋಹವಿಲ್ಲ. ಸತ್ತವರಿಂದ ತೆಗೆದು, ಶುದ್ಧಮಾಡಿ, ಮತ್ತೊಬ್ಬರಿಗೆ ಕೂರಿಸುತ್ತೇವೆ. ಮೂರು ಜಿಲ್ಲೆಗೆ ವರ್ಷಕ್ಕೆ ನಾಲ್ಕು ಸಿಕ್ಕರೆ ಹೆಚ್ಚು. ಯಾರಿಗೆ ಮೊದಲು ಎಂಬ ಪಟ್ಟಿಯೇ ಕಿವಿಸಾಲು. ಏನೂ ಕೇಳದ ಎಳೆಯರು ಮುಂದೆ, ಅಷ್ಟಿಷ್ಟು ಕೇಳುವವರು ಹಿಂದೆ. ಏಳು ದಾಟಿದವರು ಸಾಲಿನಿಂದಲೇ ಹೊರಗೆ, ಏಕೆಂದರೆ ಆಮೇಲೆ ಮಿದುಳಿಗೆ ಮಾತು ಕಲಿಯುವುದು ಕಷ್ಟ. ಈ ನಿಯಮ ಬರೆದವಳು ನಾನೇ.

ಕಿವಿ ಪರೀಕ್ಷಿಸುವ ಯಂತ್ರ ಕೆಟ್ಟು ಮೂಲೆ ಸೇರಿದೆ. ಮಗುವನ್ನು ನಿಲ್ಲಿಸಿ, ಬೆನ್ನ ಹಿಂದೆ ಪರದೆಯಾಚೆ ತಾಮ್ರದ ಹಂಡೆ ಬಡಿಯುತ್ತೇವೆ. ತಿರುಗಿದರೆ ಕೇಳಿಸಿತು ಎಂದರ್ಥ. ನೆರೆನೀರಿನ ಭಯಕ್ಕೆ ನಮ್ಮ ಕಟ್ಟಡಗಳೆಲ್ಲ ಕಂಬದ ಮೇಲಿವೆ, ನೆಲವೆಲ್ಲ ಹಲಗೆ. ಚಪ್ಪಲಿ ಹೊರಗೆ ಬಿಡುವ ರೂಢಿ ಮಾತ್ರ ನಿಮ್ಮ ಕಾಲದ್ದೇ.

ಆಗ ಎರಡೂವರೆ ವರ್ಷದವಳಾಗಿದ್ದ ಸಾವಂತ್ರಿ ಬರಿಗಾಲಲ್ಲಿ ಆ ಹಲಗೆಯ ಮೇಲೆ ನಿಂತಿದ್ದಳು. ಹಂಡೆ ಬಡಿದಾಗಲೆಲ್ಲ ತಿರುಗಿದಳು. ಅಷ್ಟಿಷ್ಟು ಕೇಳುತ್ತದೆ ಎಂದು ಬರೆದು ಅವಳನ್ನು ಸಾಲಿನ ಕೊನೆಗೆ ಹಾಕಿದೆ. ತಾಯಿ ಯಂಕವ್ವ ನನ್ನ ಸೆರಗು ಹಿಡಿದಳು. "ಆಕಿಗೆ ಕೇಳೂದಿಲ್ರೀ ಅಮ್ಮಾರ, ಕಾಲಿಗೆ ತಿಳೀತೈತ್ರಿ. ಒಂದ್ಸಲ ಎತ್ಗೊಂಡು ನೋಡ್ರಿ" ಎಂದಳು. ಮುಂದೆ ಬರಲು ಎಲ್ಲ ತಾಯಂದಿರೂ ಏನಾದರೊಂದು ಹೇಳುತ್ತಾರೆ ಎಂದುಕೊಂಡು ಮುಂದಿನ ಮಗುವಿನ ಹೆಸರು ಕರೆದೆ.

ಹೋದ ವಾರ ಕೆರೆದಂಡೆಯ ಮಣ್ಣಿನಲ್ಲಿ ಸಾವಂತ್ರಿ ಆಡುತ್ತಿದ್ದಳು. ಬೆನ್ನ ಹಿಂದೆ ನಿಂತು ಕರೆದೆ. ಗಂಟಲು ಹರಿಯುವಂತೆ ಕೂಗಿದೆ. ತಿರುಗಲಿಲ್ಲ. ಅಲ್ಲಿ ಅವಳ ಕಾಲ ಕೆಳಗೆ ನಡುಗುವ ಹಲಗೆ ಇರಲಿಲ್ಲ. ಈಗ ಅವಳಿಗೆ ಎಂಟು ವರ್ಷ.

ನಾಚಿಕೆಯ ಮಾತೊಂದನ್ನು ಹೇಳಿಬಿಡುತ್ತೇನೆ. ನಾನೂ ಹುಟ್ಟುಕಿವುಡಿ. ನಾಲ್ಕು ತುಂಬುವ ತನಕ ಅಜ್ಜಿ ಒಳಗೆ ಬಂದದ್ದು ನನಗೆ ಪಾದದಿಂದಲೇ ತಿಳಿಯುತ್ತಿತ್ತು. ಒಳಗಿವಿ ಬಂತು, ಮರೆತೆ. ನನಗೀಗ ಎಪ್ಪತ್ತೊಂದು, ಇನ್ನು ಹೆಚ್ಚು ದಿನ ಇರುವವಳಲ್ಲ. ಸತ್ತ ಮೇಲೆ ನನ್ನದನ್ನು ಸಾವಂತ್ರಿಗೆ ಹಾಕಿ ಎಂದು ಕಿವಿಸಾಲಿನ ಮೇಲಿನ ಮಂಡಳಿಗೆ ಬರೆದೆ. ಏಳರ ನಿಯಮ ತೋರಿಸಿ ಆಗುವುದಿಲ್ಲ ಎಂದರು. ಅವರು ತೋರಿಸಿದ ಹಾಳೆಯಲ್ಲಿ ನನ್ನದೇ ಕೈಬರಹವಿತ್ತು.

ಯಂತ್ರಗಳಿನ್ನೂ ಕೆಡದ ಕಾಲದವರೇ, ಒಂದೇ ಕೋರಿಕೆ. ಮಗುವಿನ ಕಿವಿ ಪರೀಕ್ಷಿಸುವಾಗ ಅದನ್ನು ತಾಯಿ ಎತ್ತಿಕೊಂಡಿರಲಿ. ಅವಳು ಏನಾದರೂ ಹೇಳಿದರೆ, ಮುಂದಿನ ಹೆಸರು ಕರೆಯಬೇಡಿ.