ದ್ರಾಕ್ಷಿ ಬುಡದ ಒದ್ದೆ

ಭಾನುವಾರ, ಮಧ್ಯಾಹ್ನ
ಕೆಳಗಿನ ಮನೆ

ಮೊಂಡಿ ತಂಗೀ,

ಬೆಳಗಿನಿಂದ ನನ್ನ ನೆತ್ತಿಯ ಮೇಲೆ ಪೆಟ್ಟಿಗೆ ಎಳೆದಾಡುತ್ತಿದ್ದೀಯ. ಮಾತು ಬಿಟ್ಟಿದ್ದೀಯ, ಸರಿ. ಓದುವುದನ್ನು ಬಿಟ್ಟಿಲ್ಲವಲ್ಲ? ಅದಕ್ಕೇ ಇದನ್ನು ಬರೆದು ನಿನ್ನ ಬಾಗಿಲ ಸಂದಿಯಲ್ಲಿ ತುರುಕುತ್ತೇನೆ. ನೀನು ಟೀಚರಾಗಿದ್ದವಳು, ನಾನು ಸ್ಲೇಟು ಬಿಸಾಡಿ ಪೈಪು ಹಿಡಿದವನು. ಕೆಂಪು ಪೆನ್ನು ಹುಡುಕಬೇಡ, ಪೂರ್ತಿ ಓದು.

ನಿನ್ನ ದ್ರಾಕ್ಷಿ ಬಳ್ಳಿಯನ್ನು ನಾನು ಕಿತ್ತು ಹಾಕಿಲ್ಲ.

ಹಿತ್ತಲಲ್ಲಿ ನೀನು ಅದನ್ನು ನೆಟ್ಟ ದಿನ "ಈ ಕಡ್ಡಿ ಬದುಕಿದ್ರೆ ನನ್ನ ಮೀಸೆ ಬೋಳಿಸ್ಕೋತೀನಿ" ಅಂದದ್ದು ನಾನೇ. ತಮಾಷೆಗೆ ಅಂದೆ. ನೀನು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು, "ಇದು ಒಣಗಿದ ದಿನ ನಾನೂ ಗೆಳತಿ ಮನೆಗೆ ಹೊರಟೆ, ಒಬ್ಬನೇ ಆರಾಮಾಗಿರು" ಅಂದು ಮೆಟ್ಟಿಲು ಹತ್ತಿಬಿಟ್ಟೆ. ಅವತ್ತಿನಿಂದ ಮುಖ ತೋರಿಸಿಲ್ಲ.

ಬಳ್ಳಿ ಮೊದಮೊದಲು ಚೆನ್ನಾಗೇ ಇತ್ತು. ಆಮೇಲೆ ಎಲೆ ಹಳದಿಯಾಯಿತು, ಅಂಚು ಸುಟ್ಟ ಹಾಗಾಯಿತು. ನೋಡಿದರೆ ಬಾಯಾರಿದ ಹಾಗೆ ಜೋತುಬಿದ್ದಿದೆ, ಬುಡಕ್ಕೆ ಬೆರಳಿಟ್ಟರೆ ಪಿಚಪಿಚ. ನೀರಿನ ಮಧ್ಯೆ ನಿಂತು ಬಾಯಾರುವುದು ಹೇಗೆ? ನನಗೆ ತಲೆ ಕೆಟ್ಟುಹೋಯಿತು. ಜೀವಮಾನವಿಡೀ ಊರವರ ಮನೆಯ ಸೋರುವ ಪೈಪು ಹುಡುಕಿದವನಿಗೆ ಇನ್ನೇನು ಹೊಳೆಯುತ್ತದೆ? ನೆಲದೊಳಗೆ ಪೈಪು ಒಡೆದಿದೆ ಅಂದುಕೊಂಡೆ. ಹಿತ್ತಲು ಪೂರ್ತಿ ಅಗೆದೆ. ಜಾಯಿಂಟುಗಳೆಲ್ಲ ಒಣಗಿ ಸುಣ್ಣದ ಹಾಗಿದ್ದವು. ಬೀದಿಯ ವಾಲ್ವನ್ನೇ ಮುಚ್ಚಿ ನೋಡಿದೆ. ಸಂಜೆಗೆ ಮತ್ತೆ ಒದ್ದೆ!

ಮರುದಿನ ಊಟವಾದ ಮೇಲೆ ಮಲಗಲಿಲ್ಲ. ಶೆಡ್ಡಿನ ಬಾಗಿಲ ಹಿಂದೆ ಕೂತೆ. ಮೇಲಿಂದ ಒಂದು ರಬ್ಬರ್ ಟ್ಯೂಬು ಹಾವಿನ ಹಾಗೆ ಇಳಿದು ಬಂತು. ನೀನು! ನಿನ್ನ ಬಾಲ್ಕನಿಯ ನಲ್ಲಿಗೆ ಬರುವುದು ಛಾವಣಿಯ ಟ್ಯಾಂಕಿನ ನೀರು. ಬೀದಿಯ ವಾಲ್ವು ಮುಚ್ಚಿದರೆ ಅದು ನಿಲ್ಲುತ್ತದೆಯೇ? ಆ ಪೈಪು ಹಾಕಿದವನೇ ನಾನು, ಮರೆತಿದ್ದೆ. ಸಾಲದ್ದಕ್ಕೆ ಟ್ಯೂಬನ್ನು ನಲ್ಲಿಗೆ ಲಂಗದ ಲಾಡಿಯಿಂದ ಕಟ್ಟಿದ್ದೀಯ. ಮನೆಯಲ್ಲಿ ಪ್ಲಂಬರ್ ಇರುವಾಗ ಲಾಡಿ! ನನಗೆ ಹೊಟ್ಟೆ ಉರಿದದ್ದು ಅದಕ್ಕೆ.

ಬುಡ ಬಿಡಿಸಿದೆ. ಕಟ್ಟಿಕೊಂಡ ಮೋರಿಯ ವಾಸನೆ ಬಂತು, ಆ ವಾಸನೆ ನನಗೆ ಹೊಸದಲ್ಲ. ಬೇರು ಕಪ್ಪಾಗಿ, ಮುಟ್ಟಿದರೆ ಸಿಪ್ಪೆ ಜಾರುತ್ತಿತ್ತು. ಕೊಳೆತ ಬೇರು ನೀರು ಕುಡಿಯುವುದೆಲ್ಲಿಂದ? ಗಿಡ ಬಾಯಾರಿದ್ದು ಹಾಗೆ. ಇನ್ನೂ ಒಂದು ಮೊಳ ಅಗೆದರೆ ಹಳೇ ತೊಟ್ಟಿಯ ಸಿಮೆಂಟು ತಳ ಸಿಕ್ಕಿತು, ನೀರು ಇಳಿಯಲು ದಾರಿಯೇ ಇಲ್ಲ. ಸುತ್ತಿಗೆ ಉಳಿ ತಂದು ಅದಕ್ಕೆ ತೂತು ಹೊಡೆದೆ. ಇಟ್ಟಿಗೆ ಚೂರು, ಮರಳು ಹಾಕಿದೆ. ಕಪ್ಪು ಬೇರು ಕತ್ತರಿಸಿದೆ. ಉಳಿದದ್ದೊಂದನ್ನು ಉಗುರಿನಿಂದ ಕೆರೆದೆ, ಒಳಗೆ ಬೆಳ್ಳಗಿತ್ತು, ಜೀವ ಇತ್ತು. ಅದೊಂದನ್ನು ನಂಬಿ ಮತ್ತೆ ನೆಟ್ಟೆ, ಮಣ್ಣು ಏರಿಸಿ, ಸ್ವಲ್ಪ ಎತ್ತರಕ್ಕೆ. ಇಷ್ಟು ಬೇರಿಗೆ ಅಷ್ಟುದ್ದ ಬಳ್ಳಿ ಸಾಕಲು ಆಗುವುದಿಲ್ಲ ಅಂತ ಚಿಗುರೊಡೆಯುವ ಎರಡು ಕಣ್ಣು ಉಳಿಸಿ ಮೇಲಿನದನ್ನು ಕತ್ತರಿಸಿಬಿಟ್ಟೆ. ನಿನಗೆ ಕಾಣದಿರಲಿ ಅಂತ ಗೋಣಿ ಮರೆ ಕಟ್ಟಿದ್ದೆ. ಅದರ ಹಿಂದೆ ತಗಡು ಓರೆಯಾಗಿಟ್ಟು ನಿನ್ನ ಟ್ಯೂಬಿನ ನೀರನ್ನು ಮೋರಿಗೆ ತಿರುಗಿಸಿದೆ. ಇಷ್ಟು ದಿನ ನೀನು ಮೋರಿಗೆ ನೀರು ಹಾಕುತ್ತಿದ್ದೆ, ಟೀಚರಮ್ಮ.

ನಿನ್ನೆ ಗಾಳಿಗೆ ಗೋಣಿ ಹಾರಿತು. ಮೋಟು ಕಡ್ಡಿ ನೋಡಿ ನೀನು ಪೆಟ್ಟಿಗೆ ಎಳೆದೆ. ಹತ್ತಿರ ಬಂದು ನೋಡಿದ್ದರೆ? ಕೆಳಗಿನ ಕಣ್ಣು ಉಬ್ಬಿದೆ. ಒಳಗಿಂದ ಹತ್ತಿಯಂಥದ್ದು ಇಣುಕುತ್ತಿದೆ, ತುದಿಗೆ ಗುಲಾಬಿ ಬಣ್ಣ. ಹಸಿರು ಬರುತ್ತದೆ ಅಂದುಕೊಂಡಿದ್ದೆ, ಗುಲಾಬಿ ಯಾಕೆ? ನಿನಗೆ ಗೊತ್ತಿದ್ದರೆ ಹೇಳು. ನಾನಂತೂ ಬೆಳಿಗ್ಗೆ ಎದ್ದವನೇ ಬಹಳ ಹೊತ್ತು ಅದರ ಮುಂದೆಯೇ ಕುಕ್ಕರುಗಾಲಲ್ಲಿ ಕೂತಿದ್ದೆ, ಮಂಡಿ ಹಿಡಿದುಕೊಂಡಿದೆ.

ಪೆಟ್ಟಿಗೆ ಇಳಿಸುವುದೇ ಆದರೆ ಇಳಿಸು, ನಾನು ಅಡ್ಡ ಬರುವುದಿಲ್ಲ. ದಾರಿಯಲ್ಲಿ ಒಂದು ಸಲ ಬಗ್ಗಿ ನೋಡು, ಅಷ್ಟೇ.

ಇಂತಿ,
ನಿನ್ನ ಅಣ್ಣ

ಮರೆತದ್ದು: ಬರೀ ನಿನ್ನ ಟ್ಯೂಬಿನ ನೀರಿಗೇ ಬೇರು ಅಷ್ಟು ಕೊಳೆಯುತ್ತಿರಲಿಲ್ಲ. ನೀನು ಏಳುವ ಮುಂಚೆ ಇನ್ನೊಬ್ಬರು ಬಕೆಟ್ ತುಂಬ ಹಾಕುತ್ತಿದ್ದರು. ಎಲೆ ಜೋತಷ್ಟೂ ಜಾಸ್ತಿ ಹಾಕಿದರು. ಅದು ಒಣಗಿದರೆ ನೀನು ಹೋಗುತ್ತೀಯಲ್ಲ ಅಂತ. ಬಕೆಟ್ ನಿಲ್ಲಿಸಿದ ಮೇಲೂ ಒದ್ದೆ ಆರಲಿಲ್ಲ ಅಂತಲೇ ಪೈಪು ಹುಡುಕಿ ಹಿತ್ತಲು ಅಗೆದದ್ದು. ಯಾರು ಅಂತ ಕೇಳಬೇಡ. ಈಗಷ್ಟೇ ಕಟಿಂಗ್ ಶಾಪಿಗೆ ಹೋಗಿ ಬಂದೆ. ಮೀಸೆ ತೆಗಿ ಅಂದರೆ ಅಂಗಡಿಯವನು "ಏನ್ ಯಜಮಾನ್ರೇ, ಪೊಲೀಸ್ರು ಹುಡುಕ್ತಿದ್ದಾರಾ?" ಅಂದ. "ಇಲ್ಲ ಕಣೋ, ತಂಗಿ ಹತ್ರ ಸೋತೆ, ಬೋಳಿಸು" ಅಂದೆ. ಮೂಗಿನ ಕೆಳಗೆ ತಣ್ಣಗಾಗುತ್ತಿದೆ. ನೋಡಿ ನಗಬೇಡ. ನಕ್ಕರೆ ಕೆಳಗಿನ ಮನೆಗೆ ಕೇಳಿಸುವ ಹಾಗೆ ನಗು.