ಮೂರು ಸಲ ಪರೀಕ್ಷಿಸಿದ ನೀರು

ಮಾರ್ಚ್ ೧೪, ಗುರುವಾರ

ಸಂಜೆ ತಮ್ಮ ಫೋನ್ ಮಾಡಿದ್ದ. "ಅಕ್ಕಾ, ಕೊನೆಗೂ ಕೆಲಸ ಸಿಕ್ತು ಕಣೇ!" ಎಲ್ಲಿ ಅಂದೆ. ಹೊಳೆ ದಂಡೆಯ ಬಣ್ಣದ ಕಾರ್ಖಾನೆಯಲ್ಲಂತೆ.

ಆ ಕಾರ್ಖಾನೆ ತನ್ನ ಕೊಳೆ ಬಿಡೋ ಹೊಳೆಯ ನೀರನ್ನು ಊರು ಕುಡಿಯಬಹುದಾ ಅಂತ ನಾಳೆ ನಗರಸಭೆಗೆ ಸಲಹೆ ಕೊಡಬೇಕಾದ ಸಮಿತಿಯಲ್ಲಿ ನೀರು ಪರೀಕ್ಷಿಸಿದವಳು ನಾನು.

"ನನ್ನ ಹೆಸರು ಹೇಳಿದ್ಯೇನೋ?"

"ಅವರೇ ಕೇಳಿದ್ರು, ಅಕ್ಕ ಹೇಗಿದ್ದಾರೆ ಅಂತ."

ಅಯ್ಯೋ ಪೆದ್ದಾ!

ನೀರು ಚೆನ್ನಾಗೇ ಇದೆ. ಮೂರು ಸಲ ಪರೀಕ್ಷಿಸಿದ್ದೀನಿ. ಆದರೆ ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದೆ ಅಂದರೆ ಯಾರು ನಂಬ್ತಾರೆ? ಸಂಜೆಯಿಂದ ನನ್ನ ಅಂಕಿಗಳನ್ನು ನಾನೇ ಕಳ್ಳಿಯ ಹಾಗೆ ತಡಕಾಡ್ತಿದ್ದೀನಿ. ಬೆಳಿಗ್ಗೆ ಸಮಿತಿ ಬಿಡ್ತೀನಿ; ಬೇರೆಯವರು ಮತ್ತೆ ಪರೀಕ್ಷಿಸಲಿ.

ಎರಡು ವರ್ಷ ಕೆಲಸಕ್ಕೆ ಅಲೆದವನು ಅವನು. "ಖುಷಿಯಾಯ್ತು ಕಣೋ" ಅನ್ನೋ ಒಂದು ಮಾತೂ ನನ್ನ ಬಾಯಿಂದ ಬರಲಿಲ್ಲ.