ಅರಿಶಿನಮೀನಿನ ಮೊದಲ ಮನೆಗೆ

ತದಡಿ ಮೇಲ್ಗುಡ್ಡ
೨೩೧೨ನೆಯ ಇಸವಿ, ವೈಶಾಖದ ಮೂವತ್ತೊಂಬತ್ತನೆಯ ದಿನ

ಕುಮಟೆಯ ವಸುಧಾ ಟೀಚರರಿಗೆ ಗೌರಾ ಹರಿಕಂತ್ರಳ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಕಾಲಕ್ಕೆ ಬೇಸಿಗೆ ಬೆಳೆದು ಬೆಳೆದು, ವೈಶಾಖಕ್ಕೆ ನಲವತ್ತೊಂದು ದಿನ ಕೊಡಬೇಕಾಗಿ ಬಂದಿದೆ. ಹಿಂದಿನ ಕಾಲಕ್ಕೆ ಕಳಿಸುವ ಇಂಥ ಕಾಗದವನ್ನು ಹಿಂದೋಲೆ ಎನ್ನುತ್ತೇವೆ. ಒಬ್ಬರಿಗೆ ಆಯುಷ್ಯದಲ್ಲಿ ಒಂದೇ. ತಲುಪಿತೋ ಇಲ್ಲವೋ ಹೇಳುವವರು ಯಾರೂ ಇಲ್ಲ. ನಿಮ್ಮ ಕನ್ನಡವನ್ನು ಹಳೆಯ ಪಠ್ಯಪುಸ್ತಕಗಳಿಂದ ಕಲಿತವಳು ನಾನು. ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಮನ್ನಿಸಿ.

ನಮ್ಮ ಗುಡ್ಡದ ಕೆಳಗೆ ಕಡಲಿದೆ, ಅದರಲ್ಲಿ ಮೀನಿಲ್ಲ. ನೀರು ಕಾದು ಬಂಡೆಗಳು ಬೋಳಾಗಿ ಮೂರು ತಲೆಮಾರು ಕಳೆಯಿತು. ಉಳಿದ ಜೀವಗಳನ್ನು ಮನೆಮನೆಗೆ ಹಂಚಿದ್ದಾರೆ. ಪ್ರತಿ ಮನೆಯಲ್ಲೂ ಎರಡು ಕೊಡ ಉಪ್ಪುನೀರು ಹಿಡಿಯುವ ಗಾಜಿನ ಪೆಟ್ಟಿಗೆಯಿದೆ, ಅದಕ್ಕೆ ಮರಿಗಡಲು ಎಂದು ಹೆಸರು. ನಮ್ಮ ಪಾಲಿಗೆ ಬಂದದ್ದು ಅರಿಶಿನಮೀನು. ಕಿರುಬೆರಳಿನ ಅರ್ಧದಷ್ಟು ಉದ್ದ, ಮೈಯೆಲ್ಲ ಹಳದಿ. ಕಲ್ಲಿನ ಮೇಲೆ ಕುಳಿತು ಊಟ ಮುಗಿಸಿದ ಯಜಮಾನರ ಹಾಗೆ ಎಲ್ಲರನ್ನೂ ನೋಡುತ್ತದೆ. ಇಡೀ ಕರಾವಳಿಯಲ್ಲಿ ಅವು ಈಗ ಒಂಬತ್ತೇ. ಹತ್ತನೆಯದನ್ನು ಕೊಂದವರು ನಾವು.

ಆದದ್ದು ಹೀಗೆ. ಮರಿಗಡಲಿನ ನೀರು ಹದಕ್ಕೆ ಬರಲು ಒಂದೂವರೆ ತಿಂಗಳು ಬೇಕು. ಕೊಳೆಯ ವಿಷವನ್ನು ತಿಂದು ನೀರನ್ನು ಸಾಧು ಮಾಡುವ ಕಣ್ಣಿಗೆ ಕಾಣದ ಜೀವಿಗಳು ಕಲ್ಲಿನಲ್ಲಿ ಬೆಳೆಯಬೇಕು. ಅವನ್ನು ನಾವು ಹೆಪ್ಪು ಎನ್ನುತ್ತೇವೆ. ನೀರು ಹದವಾದ ದಿನ ಕೇರಿಯವರೆಲ್ಲ ಸೇರಿ ಮನೆ ತುಂಬಿಸುತ್ತಾರೆ. ಬಂದವರು ತಮ್ಮ ಮರಿಗಡಲಿನಿಂದ ಒಂದೊಂದು ಜೀವವನ್ನು ಮುಯ್ಯಿಯಾಗಿ ತಂದು ತಮ್ಮ ಕೈಯಾರೆ ಬಿಡುತ್ತಾರೆ. ಬೇಡ ಎಂದರೆ ನೆಂಟರನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸಿದಂತೆ. ಎರಡು ವರ್ಷದ ಹಿಂದೆ ನಮ್ಮ ಮನೆ ತುಂಬಿಸಿದಾಗ ಮೂರು ಬಸವನಹುಳು, ಖಾಲಿ ಚಿಪ್ಪಿನಲ್ಲಿ ಮನೆ ಮಾಡುವ ನಾಲ್ಕು ಸನ್ಯಾಸಿ ಏಡಿ, ಎರಡು ಸೀಗಡಿ ಬಂದವು; ಪಕ್ಕದ ಮನೆಯ ಮಾಸ್ತಿ ಅಣ್ಣ ಬೇರೆ ಜಾತಿಯ ಒಂದು ಮೀನನ್ನೂ ತಂದ. ನಮ್ಮದೂ ಸೇರಿ ಹನ್ನೊಂದು. ಅತ್ತೆ ಹೊನ್ನಮ್ಮ ಎಲ್ಲರಿಗೂ ನಗುನಗುತ್ತಾ ಪಾನಕ ಕೊಟ್ಟರು. ನನಗೆ ಅನುಮಾನವಿತ್ತು, ನಾಲಿಗೆ ಹೊರಳಲಿಲ್ಲ. ಒಂದು ಚಮಚ ಹೆಪ್ಪಿನಿಂದ ಹಂಡೆ ಹಾಲು ಒಂದೇ ಗಳಿಗೆಯಲ್ಲಿ ಮೊಸರಾಗುತ್ತದೆಯೇ? ಅಷ್ಟು ಜೀವಗಳ ಕೊಳೆಯನ್ನು ಎಳೆಯ ಹೆಪ್ಪು ತಾಳಲಾರದೆ ಮೂರನೆಯ ಬೆಳಿಗ್ಗೆ ನೀರು ಮಬ್ಬಾಗಿತ್ತು, ಹನ್ನೊಂದೂ ಸತ್ತಿದ್ದವು. ಅತ್ತೆ ಎರಡು ದಿನ ಅನ್ನ ಮುಟ್ಟಲಿಲ್ಲ. ನನಗೆ ಇವತ್ತಿಗೂ ಆ ನಾಚಿಕೆ ಹೋಗಿಲ್ಲ.

ಈ ವರ್ಷ ನಮ್ಮನ್ನು ನಂಬಿ, ಉಳಿದ ಒಂಬತ್ತರಲ್ಲಿ ಒಂದನ್ನು ಮತ್ತೆ ಕೊಟ್ಟರು. ಮೂರನೆಯ ಅವಕಾಶವಿಲ್ಲ. ಹದವಾದ ನೀರಿಗೆ ಮೊದಲು ಎರಡು ಬಸವನಹುಳು, ಒಂದು ಏಡಿ ಬಿಟ್ಟು ಮೂರು ವಾರ ಕಾದೆವು. ಇಂದು ಬೆಳಿಗ್ಗೆ ಮೀನಿನ ಸರದಿ. ಕೇರಿ ಎಂದಿನಂತೆ ಬೋಗುಣಿಗಳನ್ನು ಹಿಡಿದು ಅಂಗಳಕ್ಕೆ ಬಂತು. ಅತ್ತೆ ಹೊಸ್ತಿಲಲ್ಲಿ ಅಡ್ಡ ನಿಂತರು.

"ಮಾಸ್ತಿ, ನಿನ್ನ ಸೀಗಡಿ ನಿನ್ನ ಮನೆಲೇ ಇರ್ಲಿ. ಕೊಡೂಕೇ ಬೇಕು ಅಂದ್ರೆ ಒಂದು ಲೋಟ ಮಳೆನೀರು ತಕಂಡು ಬಾ."

ಬಿಸಿಲಿಗೆ ಮರಿಗಡಲಿನ ನೀರು ಆರಿದರೂ ಉಪ್ಪು ಉಳಿಯುತ್ತದೆ, ಆದ್ದರಿಂದ ದಿನಕ್ಕೊಂದು ಲೋಟ ಸಿಹಿನೀರು ಸೇರಿಸಲೇಬೇಕು. ಇನ್ನು ಮುಂದೆ ಅದೇ ಮುಯ್ಯಿ, ದಿನಕ್ಕೊಂದು ಮನೆಯಂತೆ. ಮಾಸ್ತಿ ಅಣ್ಣನ ಮುಖ ಊದಿಕೊಂಡಿತು. ಆದರೂ ಮೊದಲ ಲೋಟ ಅವನದೇ ಬಂತು. ಅತ್ತೆ ಮೀನಿನ ಬೋಗುಣಿಗೆ ಮರಿಗಡಲಿನ ನೀರನ್ನು ಹತ್ತಿಬತ್ತಿಯಿಂದ ಹನಿಹನಿಯಾಗಿ ಒಂದು ತಾಸು ಇಳಿಸಿ ರೂಢಿ ಮಾಡಿಸಿ, ಆಮೇಲೆ ಒಳಗೆ ಬಿಟ್ಟರು. ಈಗ ಅದು ಕಲ್ಲಿನ ಮೇಲೆ ಕುಳಿತು ನಾನು ಬರೆಯುವುದನ್ನು ನೋಡುತ್ತಿದೆ.

ಟೀಚರೇ, ಇನ್ನು ನಿಮ್ಮ ವಿಷಯ. ಅರಿಶಿನಮೀನಿನ ವಂಶಪಟ್ಟಿ ನಮ್ಮಲ್ಲಿದೆ. ಅದರ ಮೊದಲ ಸಾಲು ಹೀಗಿದೆ: "ಕುಮಟೆ, ವಸುಧಾ ಟೀಚರ್, ಅಡುಗೆಮನೆ ಕಟ್ಟೆ. ನೀರು ಹದವಾದ ದಿನ ತಂದದ್ದು ಐದು. ವಾರದಲ್ಲಿ ಉಳಿದದ್ದು ಎರಡು." ನಮ್ಮ ಒಂಬತ್ತೂ ಆ ಎರಡರ ಸಂತಾನ. ನಿಮ್ಮನ್ನು ದೂರುವ ಬಾಯಿ ನನಗಿಲ್ಲ. ಹನ್ನೊಂದನ್ನು ಒಟ್ಟಿಗೆ ಬಿಡುವಾಗ ನಾನೂ ಸುಮ್ಮನೆ ನಿಂತವಳು.

ನನ್ನ ಲೆಕ್ಕ ಸರಿಯಿದ್ದರೆ, ನಿಮ್ಮ ಅಡುಗೆಮನೆ ಕಟ್ಟೆಯ ಗಾಜಿನ ಪೆಟ್ಟಿಗೆಯ ನೀರು ಈ ಕಾಗದ ತಲುಪುವ ವಾರವೇ ಹದಕ್ಕೆ ಬರುತ್ತದೆ. ಮೀನು ಮಾರುವ ಅಂಗಡಿಯವನು "ಐದನ್ನೂ ಒಟ್ಟಿಗೆ ಒಯ್ಯಿರಿ, ಒಂದಕ್ಕೊಂದು ಜೊತೆಯಾಗುತ್ತವೆ" ಎನ್ನಬಹುದು. ಮೊದಲು ಬಸವನಹುಳು ಬಿಡಿ, ಮೂರು ವಾರ ಕಾಯಿರಿ, ಆಮೇಲೆ ಎರಡೇ ಮೀನು ತನ್ನಿ. ಉಳಿದ ಮೂರನ್ನು ಬೇರೆ ಯಾರಾದರೂ ಒಯ್ಯಲಿ. ಆ ಮೂರು ಬೇರೆ ಅಡುಗೆಮನೆಗಳಲ್ಲಿ ಬದುಕಿದರೆ ವಂಶಪಟ್ಟಿಗೆ ಇನ್ನಷ್ಟು ಮೊದಲ ಸಾಲುಗಳು ಸೇರುತ್ತವೆ. ಆ ಪಟ್ಟಿಯನ್ನು ನನ್ನ ಪಕ್ಕದಲ್ಲೇ ತೆರೆದಿಟ್ಟಿದ್ದೇನೆ. ಕಾಗದ ಕಳಿಸಿ ಬಂದು, ಮೊದಲ ಸಾಲು ಬದಲಾಗಿದೆಯೇ ಎಂದು ಮತ್ತೊಮ್ಮೆ ಓದುತ್ತೇನೆ.

ನಿಮ್ಮ
ಗೌರಾ